ಎರವಲು ಕಂಠ

ರಹಸ್ಯ ಚಿತ್ರಗಳಲ್ಲಿ ಪ್ರೇಕ್ಷಕರು ಕೊಲೆಗಾರನನ್ನು ಹುಡುಕುವುದು ವಾಡಿಕೆ. ಆದರೆ ಅಮೆರಿಕದ ಪ್ಯಾರಾಮೌಂಟ್ ಸಂಸ್ಥೆ 1929ರಲ್ಲಿ ತೆರೆಗೆ ತಂದ ‘ದಿ ಕ್ಯಾನರಿ ಮರ್ಡರ್ ಕೇಸ್’ ಚಿತ್ರದಲ್ಲಿ ಹುಡುಕಬೇಕಾದುದು ಕೊಲೆಯಾದವಳ ದನಿಯನ್ನು.

ಎಸ್. ಎಸ್. ವಾನ್ ಡೈನ್ ಅವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ವಿಲಿಯಂ ಪೊವೆಲ್ ಪತ್ತೇದಾರ. ಕ್ಯಾನರಿ ಎಂಬ ಹಾಡುಹಕ್ಕಿಯ ಹೆಸರನ್ನೇ ಅಡ್ಡಹೆಸರಾಗಿ ಪಡೆದ ರಂಗನಟಿಯ ಪಾತ್ರ ಲೂಯಿಸ್ ಬ್ರೂಕ್ಸ್ ಅವರದು. ಚಿತ್ರವು ಮೊದಲು ಮೂಕಿಯಾಗಿ ಸಿದ್ಧವಾಗಿತ್ತು. ಅಷ್ಟರಲ್ಲಿ ವಾಕ್ಚಿತ್ರಗಳ ಕಾಲ ಬಂದುದರಿಂದ ಸಂಸ್ಥೆಯು ಅದಕ್ಕೆ ಮಾತು ಸೇರಿಸಲು ಮುಂದಾಯಿತು. ಪಾಬ್ಸ್ಟ್ ಅವರ ಚಿತ್ರಕ್ಕಾಗಿ ಜರ್ಮನಿಗೆ ತೆರಳಿದ್ದ ಬ್ರೂಕ್ಸ್, ಈ ಕೆಲಸಕ್ಕೆ ಬರಲು ಒಪ್ಪಲಿಲ್ಲ. ಕೊನೆಗೆ ಮಾರ್ಗರೆಟ್ ಲಿವಿಂಗ್‌ಸ್ಟನ್ ಎಂಬ ನಟಿ ದನಿ ನೀಡಿದರು. ಹಾಡುಹಕ್ಕಿಗೆ ಎರವಲು ಕಂಠ! ಬ್ರೂಕ್ಸ್ ಅವರ ಕಂಠ ವಾಕ್ಚಿತ್ರಕ್ಕೆ ಒಗ್ಗದೆಂಬ ಮಾತೂ ಹಬ್ಬಿತು. ಹಾಲಿವುಡ್ಡಿನಲ್ಲಿ ಅವರ ಬಾಳು ಮತ್ತೆ ಮೇಲೇಳಲಿಲ್ಲ. ವಿಪರ್ಯಾಸವೆಂದರೆ, 1931ರ ಚಿತ್ರಗಳಲ್ಲಿ ಅವರು ತಮ್ಮದೇ ದನಿಯಲ್ಲಿ ಮಾತನಾಡಿದ್ದಾರೆ. ಆ ದನಿಯಲ್ಲಿ ಯಾವ ಕುಂದೂ ಕಾಣದು.

ಕನ್ನಡದಲ್ಲಿ ಇದಕ್ಕೆ ಎದುರು ದಿಕ್ಕಿನ ಉದಾಹರಣೆಯೊಂದಿದೆ. ಯಂಡಮೂರಿ ವೀರೇಂದ್ರನಾಥ್ ಅವರ ತೆಲುಗು ಕಾದಂಬರಿಯನ್ನು ಆಧರಿಸಿ ಸುನೀಲ್ ಕುಮಾರ್ ದೇಸಾಯಿ 1995ರಲ್ಲಿ ನಿರ್ದೇಶಿಸಿದ ‘ಬೆಳದಿಂಗಳ ಬಾಲೆ’ಯಲ್ಲಿ ನಾಯಕಿಯ ಮುಖವನ್ನೇ ತೋರಿಸುವುದಿಲ್ಲ. ಅನಂತನಾಗ್ ಅವರ ಪಾತ್ರಕ್ಕೆ ಆಕೆ ದೂರವಾಣಿಯ ದನಿ ಮಾತ್ರ. ಆ ದನಿ ಗಾಯಕಿ ಮಂಜುಳಾ ಗುರುರಾಜ್ ಅವರದು. ಇಲ್ಲಿ ಕಂಠವು ಮುಖದ ಕೊರತೆಯನ್ನು ತುಂಬುವುದಿಲ್ಲ, ಕಂಠವೇ ಪಾತ್ರವಾಗುತ್ತದೆ.

ಇದನ್ನೆಲ್ಲ ಬರೆಯಲು ಕಾರಣವಿದೆ. ಮೌನೇಶ್ವರನ ಜಾತ್ರೆಗೆಂದು ತಿಂಥಣಿಗೆ ಬರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು, “ಬೆಂಗಳೂರಾಗ ನಮ್ಮ ಮಾತು ಕೇಳಿದ್ರ ನಗತಾರ್ರೀ ಸರ್, ಅದಕ್ಕ ಅಲ್ಲಿ ಬ್ಯಾರೆ ಥರಾ ಮಾತಾಡ್ತೀವ್ರೀ” ಎನ್ನುತ್ತಾರೆ. ಹೊಟ್ಟೆಪಾಡಿಗಾಗಿ ಮಾತಿನ ಧಾಟಿ ಬದಲಿಸುವುದು ತಪ್ಪಲ್ಲ. ಆದರೆ ತಮ್ಮ ಧಾಟಿಯೇ ಕೀಳೆಂದು ಅವರು ನಂಬಿಬಿಟ್ಟರೆ, ಅದು ನನಗೆ ಸಂಕಟದ ಸಂಗತಿ. ಒಬ್ಬರ ದನಿ ಅಯೋಗ್ಯವೆಂದು ಲೋಕ ಸಾರುವಾಗ, ಆ ದನಿಯನ್ನು ಅದು ನಿಜವಾಗಿ ಕೇಳಿದೆಯೇ ಎಂದು ಮೊದಲು ವಿಚಾರಿಸಬೇಕು.

ಮಕ್ಕಳೇ, ಕಚೇರಿಯಲ್ಲಿ ಹೇಗಾದರೂ ಮಾತನಾಡಿರಿ. ಮನೆಯಲ್ಲಿ ನಿಮ್ಮ ಮಕ್ಕಳ ಕಿವಿಗೆ ಮಾತ್ರ ನಿಮ್ಮ ಸ್ವಂತ ಕಂಠವೇ ಬೀಳಲಿ.