ಹಾಳೆತಂಡದ ಮಾಲೀಕರು

ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಇಳಿಸಲು ಅರ್ಧ ಗಳಿಗೆ ಚೌಕಾಸಿ ಮಾಡುವ ನನ್ನಂಥವನ ಕೈಗೆ 83 ಕೋಟಿ ಸಿಕ್ಕರೆ ಹೇಗಿರುತ್ತದೆ? ಐಪಿಎಲ್ ಹರಾಜು ಹತ್ತಿರವಾದಂತೆ ದೊಡ್ಡಬಳ್ಳಾಪುರದಲ್ಲಿ ಇಂಥ ಕೋಟ್ಯಧಿಪತಿಗಳು ಬೀದಿಗೊಬ್ಬರಂತೆ ಉದ್ಭವಿಸುತ್ತಾರೆ. ಹರಾಜಿಗೆ ಮೊದಲೇ ತಮ್ಮ ತಂಡವನ್ನು ಹಾಳೆಯ ಮೇಲೆ ಕಟ್ಟುವವರು ಇವರು; ಬಂಡವಾಳ ಒಂದು ಹಾಳೆ, ಒಂದು ಪೆನ್ನು, ಅರ್ಧ ಲೋಟ ಟೀ.

2024ರ ಅಕ್ಟೋಬರಿನಲ್ಲಿ ನಮ್ಮ ಬೆಂಗಳೂರಿನ ಆರ್‌ಸಿಬಿ ಕೊಹ್ಲಿ, ಪಾಟೀದಾರ್, ಯಶ್ ದಯಾಳ್ ಮೂವರನ್ನಷ್ಟೇ ಉಳಿಸಿಕೊಂಡು ಮಿಕ್ಕವರನ್ನು ಕೈಬಿಟ್ಟಿತ್ತು. 120 ಕೋಟಿಯಲ್ಲಿ ಉಳಿದದ್ದು 83. ತಂಡಕ್ಕೆ ಹೆಚ್ಚೆಂದರೆ 25 ಜನ, ಅವರಲ್ಲಿ ಪರದೇಶದವರು ಎಂಟಕ್ಕೆ ಮೀರಬಾರದು. 22 ಜಾಗ ಖಾಲಿ! ಹಾಳೆತಂಡದ ಮಾಲೀಕನಿಗೆ ಇದಕ್ಕಿಂತ ಸುಗ್ಗಿ ಯಾವುದಿದೆ? ಮಗ್ಗದ ಸದ್ದಿನಲ್ಲೇ ಬೆಳೆದ ನಮ್ಮೂರವರಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. ಟೀ ಅಂಗಡಿಯಲ್ಲಿ ಗುಟ್ಟಾಗಿ ಆರಿಸಿದ ಬೌಲರ್ ಕೂಡ ಬಸ್ ನಿಲ್ದಾಣದವರೆಗೂ ಕೇಳಿಸುತ್ತಾನೆ.

"ರಾಹುಲ್ ಬರ್ಲೇಬೇಕು ಕಣಣ್ಣ, ನಮ್ಮೋನು."

"ನಮ್ಮೋನು ಅಂತ ರೇಟು ಇಳಿಸ್ಕೊಂತಾನೇನಪ್ಪ?"

ಹರಾಜು ಈ ಸೀಮೆಗೆ ಹೊಸದೇನಲ್ಲ. ಆದರೆ ವಿಜಯಪುರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಬೆರಳಲ್ಲಿ ಒತ್ತಿ, ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ನೂಲನ್ನು ಊಹಿಸಬಹುದು. ವೇಗದ ಬೌಲರನ್ನು ಹಾಗೆ ಅಲ್ಲಾಡಿಸಿ ನೋಡುವವರಾರು? ಜೆಡ್ಡಾದಲ್ಲಿ ಐಪಿಎಲ್ ಹರಾಜಿನ ಸುತ್ತಿಗೆ ಬಿದ್ದಾಗ ಕೆ.ಎಲ್. ರಾಹುಲ್ 14 ಕೋಟಿಗೆ ದೆಹಲಿಯ ಪಾಲಾದರು. ನಮಗೆ ಬಂದದ್ದು ಹೇಜಲ್‌ವುಡ್, ಸಾಲ್ಟ್, ಜಿತೇಶ್, ಜತೆಗೆ 5.75 ಕೋಟಿಗೆ ಕೃಣಾಲ್ ಪಾಂಡ್ಯ. "ಇವರನ್ನ ಕೇಳಿದ್ದೋರು ಯಾರು?" ಎಂದು ಟೀ ಅಂಗಡಿ ಗುಡುಗಿತು.

ಊಹೆಗೆ ಸಿಗದವರದೇ ಒಂದು ವಂಶವಿದೆ. 2008ರಲ್ಲಿ ಹತ್ತೊಂಬತ್ತರ ಒಳಗಿನ ಹುಡುಗರನ್ನು ಹಂಚುವಾಗ ದೆಹಲಿ ಪ್ರದೀಪ್ ಸಾಂಗ್ವಾನನ್ನು ಆರಿಸಿತು. ಅದೇ ಊರಿನ ಕೊಹ್ಲಿ ಬೆಂಗಳೂರಿಗೆ ಬಂದ. 2011ರ ಹರಾಜಿನಲ್ಲಿ ಗೇಲ್‌ಗೆ ಗಿರಾಕಿಯೇ ಇರಲಿಲ್ಲ; ಗಾಯಗೊಂಡ ನ್ಯಾನಸ್ ಬದಲಿಗೆ ಬಂದವನು 608 ರನ್ ಬಾರಿಸಿ ಎಲ್ಲರಿಗಿಂತ ಮೇಲೆ ಕೂತ. ಅಮೆರಿಕದ ಫುಟ್‌ಬಾಲಿನಲ್ಲಿ ಹರಾಜಿಲ್ಲ, ಸರದಿಯಿದೆ: ಹಿಂದಿನ ವರ್ಷ ಅಡಿಗೆ ಬಿದ್ದ ತಂಡಕ್ಕೆ ಮೊದಲ ಆಯ್ಕೆ. ಆ ದಯೆ ಇಲ್ಲೂ ಇದ್ದಿದ್ದರೆ 2017ರಲ್ಲೂ 2019ರಲ್ಲೂ ಕಟ್ಟಕಡೆಗೆ ನಿಂತ ನಮ್ಮವರು ಎಷ್ಟು ಶ್ರೀಮಂತರಾಗುತ್ತಿದ್ದರು! ಅಲ್ಲಿಯೂ ತಿಂಗಳುಗಟ್ಟಲೆ ಊಹೆಪಟ್ಟಿ ಬರೆಯುವ ಪಂಡಿತರಿದ್ದಾರೆ. ಆದರೂ 2000ದಲ್ಲಿ 199ನೆಯವನಾಗಿ ಆಯ್ಕೆಯಾದ ಟಾಮ್ ಬ್ರೇಡಿ ಏಳು ಸಲ ಸೂಪರ್ ಬೌಲ್ ಗೆದ್ದ.

2025ರ ಜೂನ್ 3, ಅಹಮದಾಬಾದ್. ಯಾರೂ ಕೇಳದಿದ್ದ ಕೃಣಾಲ್ ಫೈನಲ್‌ನಲ್ಲಿ 4 ಓವರಿಗೆ 17 ರನ್ ಕೊಟ್ಟು 2 ವಿಕೆಟ್ ಕಿತ್ತು ಪಂದ್ಯಶ್ರೇಷ್ಠರಾದರು. ಹದಿನೆಂಟನೆಯ ಸಲಕ್ಕೆ ಕಪ್ ಬಂತು. "ನಾನು ಅವತ್ತೇ ಹೇಳಿರ್ಲಿಲ್ವಾ?" ಎಂದು ಟೀ ಅಂಗಡಿ ಮತ್ತೆ ಗುಡುಗಿತು.

ಹಾಳೆತಂಡ ಒಂದು ಪಂದ್ಯವನ್ನೂ ಆಡುವುದಿಲ್ಲ, ಹಾಗಾಗಿ ಸೋಲುವುದೂ ಇಲ್ಲ. ಮುಂದಿನ ಹರಾಜಿಗೆ ನೀವೂ ಒಂದು ಕಟ್ಟಿ. ಕೋಟಿಗಳನ್ನು ಧಾರಾಳವಾಗಿ ಸುರಿಯಿರಿ. ಟೀ ದುಡ್ಡು ಮಾತ್ರ ನಿಮ್ಮದೇ.