ಬಡಗಿಯ ಮನೆ

ಕನ್ನಡ ನಿಘಂಟಿನ ಕಿಟೆಲ್ 1903ರಲ್ಲಿ ತೀರಿಕೊಂಡ ಊರು ಎಂಬ ಕಾರಣಕ್ಕೆ ನಾನು ಟ್ಯೂಬಿಂಗೆನ್‌ಗೆ ಹೋಗಿದ್ದೆ. ನನ್ನ ಕೆಲಸ ಎರಡೇ ದಿನದಲ್ಲಿ ಮುಗಿಯಿತು. ಮೂರನೆಯ ದಿನ ಹಳೆಪೇಟೆಯ ಇಳಿಜಾರು ಓಣಿಗಳಲ್ಲಿ ಸುಮ್ಮನೆ ಅಲೆಯುತ್ತ ನೆಕರ್ ನದಿಯ ದಂಡೆಗೆ ಬಂದೆ. ಅಲ್ಲಿ, ಹಳೆಯ ಕೋಟೆಗೋಡೆಯ ಬುಡದ ಮೇಲೆ, ಹಳದಿ ಬಣ್ಣದ ಗೋಪುರವೊಂದು ನೀರಿನತ್ತ ಬಾಗಿದಂತೆ ನಿಂತಿದೆ. ಹೋಲ್ಡರ್ಲಿನ್ ಗೋಪುರ ಅಂತ ಅದರ ಹೆಸರು.

ಕವಿ ಹೋಲ್ಡರ್ಲಿನ್‌ನ ತಲೆ ಕೆಟ್ಟಿದೆಯೆಂದು 1806ರಲ್ಲಿ ಅವನನ್ನು ಇದೇ ಪೇಟೆಯ ಆಸ್ಪತ್ರೆಗೆ ಸೇರಿಸಿದರು. 231 ದಿನಗಳ ನಂತರ, ಇನ್ನು ಹೆಚ್ಚೆಂದರೆ ಮೂರು ವರ್ಷ ಬದುಕಬಹುದು ಎಂದು ಹೇಳಿ ಕಳಿಸಿದರು. ಆಗ ಅವನನ್ನು ಮನೆಗೆ ಕರೆದುಕೊಂಡವನು ಅರ್ನ್ಸ್ಟ್ ಸಿಮ್ಮರ್ ಎಂಬ ಬಡಗಿ. ಬಡಗಿಗೆ ಆ ಕವಿಯ ಕಾದಂಬರಿ ಓದಿ ಗೊತ್ತಿತ್ತು, ಅಷ್ಟೇ ಸಂಬಂಧ. ಕವಿ ಬದುಕಿದ್ದು ಮೂರಲ್ಲ, ಮೂವತ್ತಾರು ವರ್ಷ! ಖರ್ಚಿನ ಹಣ ಕವಿಯ ತಾಯಿಯ ಕಡೆಯಿಂದ ಬರುತ್ತಿತ್ತು. ಬಡಗಿ ಅವರಿಗೆ ಕ್ಷೇಮಸಮಾಚಾರದ ಕಾಗದ ಬರೆಯುತ್ತಿದ್ದ. 1838ರಲ್ಲಿ ಬಡಗಿಯೇ ತೀರಿಕೊಂಡ. ಆಮೇಲೆ ನೋಡಿಕೊಂಡವಳು ಮಗಳು ಲೊಟ್ಟೆ. (ಶಿರಸಿ ಕಡೆಯ ನಮಗೆ ಲೊಟ್ಟೆ ಅಂದರೆ ಸುಳ್ಳು. ಮೊದಲ ಸಲ ಓದಿದಾಗ ನಕ್ಕಿದ್ದೆ.) ಕವಿ ಆ ಮನೆಗೆ ಬಂದಾಗ ಅವಳಿನ್ನೂ ಹುಟ್ಟಿರಲಿಲ್ಲ. ಅಪ್ಪ ಹೋದಾಗ ಅವಳಿಗೆ ಇಪ್ಪತ್ತೈದು. 1843ರ ಜೂನ್ 7ರಂದು ಕವಿ ಸತ್ತ ಸುದ್ದಿಯನ್ನು ಅವನ ತಮ್ಮನಿಗೆ ಬರೆದವಳೂ ಅವಳೇ.

ಇನ್ನೊಂದು ವಿಷಯ. ನಾವು ಇವತ್ತು ನೋಡುವುದು ಅವನು ಇದ್ದ ಮನೆಯೇ ಅಲ್ಲ. ಅದು 1875ರಲ್ಲಿ ಸುಟ್ಟುಹೋಯಿತು. ಮತ್ತೆ ಕಟ್ಟುವಾಗ ಆಕಾರವೂ ಬದಲಾಯಿತು. 1921ರಲ್ಲಿ ನಗರಾಡಳಿತ ಅದನ್ನು ಕೊಂಡುಕೊಂಡಿತು. ಈಗ ಅದು ಮ್ಯೂಸಿಯಂ. ಉಳಿದಿರುವುದು ಜಾಗ, ಕಿಟಕಿಯಾಚೆಯ ನದಿ, ಮತ್ತು ಕವಿಯ ಹೆಸರು. ಬಡಗಿಯ ಮನೆಗೆ ಬಾಡಿಗೆಯವನ ಹೆಸರು.

ಆ ಕಿಟಕಿಯ ಹತ್ತಿರ ನಿಂತಾಗ ನನಗೆ ನಾಚಿಕೆಯಾಯಿತು. ನಮ್ಮ ಮನೆಯ ಜಗಲಿಗೆ ತಾಗಿದ ಕೋಣೆಯಲ್ಲಿ ದೊಡ್ಡಪ್ಪ ಇಪ್ಪತ್ತೆರಡು ವರ್ಷ ಹೀಗೇ ಇದ್ದ. ನೋಟ್‌ಪುಸ್ತಕದ ತುಂಬ ಏನೇನೋ ಬರೆಯುತ್ತಿದ್ದ. ಡಿಗ್ರಿಯಲ್ಲಿದ್ದಾಗ ನಾನು ಆ ಪುಸ್ತಕಗಳ ಬಗ್ಗೆ ಪ್ರಬಂಧ ಬರೆದು ಬಹುಮಾನ ತಗೊಂಡೆ. ಅವನಿಗೆ ಸ್ನಾನ ಮಾಡಿಸಿ, ಗಂಜಿ ಉಣ್ಣಿಸಿ, ತೋಟದಾಚೆ ಓಡಿಹೋದಾಗ ಟಾರ್ಚ್ ಹಿಡಿದು ಹುಡುಕಿ ತರುತ್ತಿದ್ದ ಅತ್ತೆ ಅದರಲ್ಲಿ ಒಂದು ಸಾಲಿನಲ್ಲೂ ಇಲ್ಲ. ಅತ್ತೆ ಆ ಪ್ರಬಂಧದ ಪ್ರತಿಯನ್ನು ಇವತ್ತಿಗೂ ಕಪಾಟಿನಲ್ಲಿ ಇಟ್ಟುಕೊಂಡಿದ್ದಾಳೆ.

ಆ ಸಂಜೆ ಅತ್ತೆಗೆ ಫೋನ್ ಮಾಡಿ ಗೋಪುರದ ಕತೆ ಹೇಳಿದೆ. ಕವಿತೆಗಳ ಬಗ್ಗೆ ಅವಳು ಏನೂ ಕೇಳಲಿಲ್ಲ.

"ರಾತ್ರಿ ನಿದ್ದೆ ಮಾಡ್ತಿದ್ನಾ ಅಂವ?"

"ಸರಿಯಾಗಿ ಇಲ್ಲ ಅತ್ತೆ. ಗಂಟೆಗಟ್ಟಲೆ ಅತ್ತಿಂದಿತ್ತ ಓಡಾಡ್ತಾ ಇರ್ತಿದ್ನಂತೆ."

"ಹಾಗಾದ್ರೆ ಆ ಹುಡುಗಿನೂ ಮಲಗಿರ್ಲಿಕ್ಕಿಲ್ಲ" ಅಂದಳು. ಆಮೇಲೆ, ಅಲ್ಲಿ ಅಕ್ಕಿ ಸಿಗ್ತದಾ ಅಂತ ಕೇಳಿದಳು.