ಚೋಮ ತೆರೆದ ಬಾಗಿಲು

ನನ್ನಲ್ಲಿ ಓದಿನ ಹಸಿವನ್ನು ಹುಟ್ಟಿಸಿದ ಗ್ರಂಥ ಯಾವುದೆಂದು ಕೇಳಿದರೆ ಸಂತರ ಚರಿತ್ರೆಯೊಂದನ್ನು ಹೆಸರಿಸುವೆನೆಂದು ನೀವು ನಿರೀಕ್ಷಿಸಬಹುದು. ಅದು ಶಿವರಾಮ ಕಾರಂತರ ‘ಚೋಮನ ದುಡಿ’. 1933ರಲ್ಲಿ ಪ್ರಕಟವಾದ ಕಾದಂಬರಿ. ಕಿರಿಯ ಗುರುಮಠದಲ್ಲಿ ಅಧ್ಯಯನದ ವೇಳೆ ಪಠ್ಯಪುಸ್ತಕದ ಮರೆಯಲ್ಲಿಟ್ಟು ಅದನ್ನು ಓದಿದೆ. (ಪಾಪನಿವೇದನೆಯಲ್ಲಿ ಇದನ್ನು ಹೇಳಿಕೊಂಡೆನೇ ಎಂಬುದು ನೆನಪಿಲ್ಲ!)

ಜೀತದಾಳು ಚೋಮನಲ್ಲಿ ಎರಡು ಎತ್ತುಗಳಿವೆ, ಉಳಲು ನೆಲವಿಲ್ಲ. ಅವನ ಜಾತಿಯವರು ಬೇಸಾಯ ಮಾಡಕೂಡದೆಂಬುದು ಊರಿನ ಕಟ್ಟಳೆ. ಕ್ರೈಸ್ತನಾದರೆ ಭೂಮಿ ದೊರೆಯುವುದೆಂಬ ಆಸೆಯಿಂದ ಹೊರಡುತ್ತಾನೆ. ಆದರೆ ತಾನು ನಂಬಿದ ದೈವವನ್ನು ತೊರೆಯಲಾರದೆ ದಾರಿಯಿಂದಲೇ ಹಿಂದಿರುಗುತ್ತಾನೆ. ಗುರುವಾಗಲು ಹೊರಟಿದ್ದ ನಾನು, ಅವನು ಮುಂದೆ ನಡೆಯಲೆಂದು ಬಯಸಬೇಕಿತ್ತಲ್ಲವೇ? ಬಯಸಲಿಲ್ಲ. ಇವನಿಗೊಂದು ತುಂಡು ಗದ್ದೆ ಸಿಗಬಾರದೇ ಎಂದಷ್ಟೇ ಹಂಬಲಿಸಿದೆ. ನೆಲಕ್ಕಾಗಿ ಒಬ್ಬನು ದೇವರನ್ನು ಬದಲಿಸಬೇಕೇ ಎಂಬ ಪ್ರಶ್ನೆ ಅಂದು ರಾತ್ರಿ ನನ್ನನ್ನು ನಿದ್ರಿಸಗೊಡಲಿಲ್ಲ. ಯಾವ ಗುರುಗಳ ಬಳಿಯೂ ಅದನ್ನು ಕೇಳುವ ಧೈರ್ಯವಾಗಲಿಲ್ಲ.

ಅನಂತರ ಕುವೆಂಪು ಬಂದರು, ನಿರಂಜನ ಬಂದರು, ತೇಜಸ್ವಿ ಬಂದರು. ಬಾಗಿಲು ತೆರೆದವನು ಮಾತ್ರ ಚೋಮ.

ಆ ಕಾದಂಬರಿಯ ಪ್ರತಿಯೊಂದು ಈಗ ನನ್ನ ಧರ್ಮಕೇಂದ್ರದ ಕಚೇರಿಯ ಕಪಾಟಿನಲ್ಲಿದೆ. ಯಾರಾದರೂ ಸಂಕೋಚದಿಂದ ಹೊಸ್ತಿಲಲ್ಲೇ ನಿಂತರೆ, ಬಂದ ಕಾರಣವನ್ನು ಕೇಳುವ ಮೊದಲು ಕುರ್ಚಿಯನ್ನು ಎಳೆದು ಕೊಡುತ್ತೇನೆ.